ಎಂಜಲಿಗೆ ಅಂಜಿದ ಆರು ವಾರ

ನಾವು ಚಿಕ್ಕವರಾಗಿದ್ದ ದಿನಗಳಲ್ಲಿ ಯಾವ ಮಗುವೂ ಏನನ್ನೂ ಒಂಟಿಯಾಗಿ ತಿನ್ನುತ್ತಿರಲಿಲ್ಲ. ಒಂದು ಬೆಟ್ಟದ ನೆಲ್ಲಿಕಾಯಿ ಸಿಕ್ಕಿದರೆ ಅದಕ್ಕೆ ಮೂರು ಬಾಯಿ ಕಾದಿರುತ್ತಿದ್ದವು. ಲಂಗದ ಅಂಚನ್ನು ಕಾಯಿಯ ಮೇಲೆ ಹೊದಿಸಿ ಕಚ್ಚಿದರೆ ಅದು ಎಂಜಲಲ್ಲ, ಬರೀ ಕಾಗೆ ಎಂಜಲು, ನಡೆಯುತ್ತದೆ ಎಂಬುದು ನಮ್ಮೊಳಗಿನ ಕಾನೂನು. ಐಸ್ ಕ್ಯಾಂಡಿಗೆ ಬಟ್ಟೆ ಹೊದಿಸುವ ಹಾಗಿಲ್ಲವಲ್ಲ, ಅದು ‘ಒಂದೇ ಸಲ ಚೀಪ್ಬೇಕು, ಕಚ್ಬಾರ್ದು ಕಣೇ’ ಎಂಬ ಷರತ್ತಿನ ಮೇಲೆ ಕೈಯಿಂದ ಕೈಗೆ ಹೋಗುತ್ತಿತ್ತು. ಸ್ಲೇಟು ಒರೆಸುವುದಕ್ಕೆ ಉಗುಳು. ಪೆನ್ಸಿಲ್ ದಪ್ಪಗೆ ಬರೆಯಲಿ ಎಂದು ಅದರ ತುದಿಗೆ ನಾಲಗೆ. ಶಾಲೆಯ ಜಗಲಿಯಲ್ಲಿ ನೀರಿನ ಒಂದು ಮಣ್ಣಿನ ಹರವಿ, ಅದಕ್ಕೆ ಸರಪಳಿಯಲ್ಲಿ ಕಟ್ಟಿದ ಒಂದೇ ಒಂದು ಅಲ್ಯುಮಿನಿಯಂ ಲೋಟ. ಇಡೀ ಶಾಲೆಯ ತುಟಿ ತಾಗಿ ತಾಗಿ ಆ ಲೋಟದ ಅಂಚು ಮಾತ್ರ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು.

ಐವತ್ತರ ದಶಕ ಮುಗಿಯುತ್ತಾ ಬಂದಿದ್ದಾಗಿನ ಒಂದು ಮಾಗಿಯ ಮಾತು ಇದು. ನನಗೆ ಹನ್ನೊಂದು ವರ್ಷ. ಯಾದವಗಿರಿಯ ಬಂಗಲೆಗಳ ಹಿಂದಿನ ಇಳಿಜಾರಿನಲ್ಲಿ ನಮ್ಮ ವಠಾರ. ಆರು ಮನೆ, ಆರಕ್ಕೂ ಸೇರಿ ಒಂದು ನಲ್ಲಿ, ಒಂದು ಒಗೆಯುವ ಕಲ್ಲು. ಅಪ್ಪ ನಂಜನಗೂಡು ರೂಟಿನ ಬಸ್ಸಿನಲ್ಲಿ ಕಂಡಕ್ಟರ್. ಕಡಕೊಳದ ಹತ್ತಿರದ ಹಳ್ಳಿಯಲ್ಲಿ ದೊಡ್ಡಪ್ಪಂದಿರು ಬೇಸಾಯ ಮಾಡುತ್ತಿದ್ದುದರಿಂದ ಕಾರ್ತಿಕ ಕಳೆದರೆ ಸಾಕು, ಸೊಗಡು ತುಂಬಿದ ಅವರೆಕಾಯಿ ಮೂಟೆಗಟ್ಟಲೆ ಅಪ್ಪನ ಬಸ್ಸಿನ ಟಾಪಿನ ಮೇಲೆ ಕೂತು ಮೈಸೂರಿಗೆ ಬರುತ್ತಿತ್ತು. ಸಂಜೆ ವಠಾರದ ಹೆಂಗಸರೆಲ್ಲ ಅಂಗಳದಲ್ಲಿ ಕೂತು ಅವರೆ ಸುಲಿಯುವರು. ನೆನೆಸಿದ ಕಾಳನ್ನು ಹಿದುಕಿ ಬೇಳೆ ಚಿಮ್ಮಿಸುವುದು ನಮ್ಮ ಕೆಲಸ. ಕೈಗೆ ಅಂಟಿದ ಆ ಸೊಗಡು ಎರಡು ದಿನ ಹೋಗುತ್ತಿರಲಿಲ್ಲ, ಹೋಗಲಿ ಎಂದು ಯಾರೂ ಬಯಸುತ್ತಲೂ ಇರಲಿಲ್ಲ.

ಪಕ್ಕದ ಮನೆ ತೆರೇಸಮ್ಮನವರದು. ಅವರ ಯಜಮಾನರು ಅಂತೋಣಪ್ಪ ಮದುವೆಯ ಬ್ಯಾಂಡಿನಲ್ಲಿ ಕ್ಲಾರಿಯೋನೆಟ್ ಊದುವವರು. ಅವರ ಮಗಳು ಫಿಲೋಮಿನಾ, ನಮ್ಮೆಲ್ಲರ ಫಿಲೋ, ನನ್ನದೇ ವಯಸ್ಸು, ನನ್ನದೇ ತರಗತಿ, ನನ್ನದೇ ಬೆಂಚು. ಅವಳಿಗೆ ಐದು ತಿಂಗಳ ತಮ್ಮನೊಬ್ಬನಿದ್ದ, ಪೀಟರ್. ಶಾಲೆಯಿಂದ ಬಂದವಳೇ ಚೀಲ ಎಸೆದು ಅವನನ್ನು ಎತ್ತಿಕೊಂಡು ಎರಡೂ ಕೆನ್ನೆಗೆ ಮುತ್ತು ಕೊಡುವುದು ನನ್ನ ದಿನಚರಿ. ಅಂತೋಣಪ್ಪ ಫಿಲೋಗೆ ಒಂದು ಮೌತ್ ಆರ್ಗನ್ ತಂದುಕೊಟ್ಟಿದ್ದರು. ಅವಳು ಒಂದು ಸಾಲು ಊದಿ ನನ್ನ ಕೈಗೆ ಕೊಡುವಳು, ನಾನು ಇನ್ನೊಂದು ಸಾಲು. ಕ್ರಿಸ್ಮಸ್ಸಿಗೆ ಇಬ್ಬರೂ ಸೇರಿ ಅಂಗಳದಲ್ಲಿ ಒಂದು ಹಾಡು ನುಡಿಸಿ ಎಲ್ಲರನ್ನೂ ಬೆರಗುಗೊಳಿಸುವುದೆಂದು ತೀರ್ಮಾನವಾಗಿತ್ತು.

ದೀಪಾವಳಿಯ ಮಾರನೆಯ ವಾರ ಸುಶೀಲಕ್ಕ ಮಲಗಿದಳು. ನನ್ನ ಅಕ್ಕ, ಹದಿನಾರು ವರ್ಷ, ಆ ವರ್ಷ ಎಸ್.ಎಸ್.ಎಲ್.ಸಿ. ಮೊದಲು ಗಂಟಲು ನೋವೆಂದಳು. ಅವ್ವ ಮೆಣಸಿನ ಕಷಾಯ ಕೊಟ್ಟಳು. ಆಮೇಲೆ ಜ್ವರ ಏರಿತು, ಇಳಿಯಲಿಲ್ಲ. ಕತ್ತಿನ ಎರಡೂ ಪಕ್ಕ ನಿಂಬೆಕಾಯಿ ಗಾತ್ರಕ್ಕೆ ಊದಿತು. ಎಂಜಲು ನುಂಗಲೂ ಆಗದೆ ಅವಳ ಕಣ್ಣಲ್ಲಿ ನೀರು ಬರುತ್ತಿತ್ತು. ಅವ್ವ ಅವಳ ಬಾಯಿ ತೆರೆಸಿ ದೀಪ ಹಿಡಿದು ನೋಡಿ, ದೀಪವನ್ನು ಕೆಳಗಿಟ್ಟಳು. ಗಂಟಲೊಳಗೆ ಬೆಳ್ಳಗೆ ಪೊರೆ ಕಟ್ಟಿತ್ತು.

“ಗಂಟ್ಲುಮಾರಿ ಕಣ್ರೀ,” ಎಂದು ಅಪ್ಪನಿಗೆ ಪಿಸುಗುಟ್ಟಿದಳು. “ನಿಮ್ಮ ತಂಗಿ ಮಗೀಗೂ ಇಂಗೇ ಆಗಿತ್ತು.”

ಆ ಮಗು ಉಳಿದಿರಲಿಲ್ಲ. ಅದು ನನಗೂ ಗೊತ್ತಿತ್ತು.

ಬಂಗಲೆ ಸಾಲಿನಲ್ಲಿ ಸರ್ಕಾರಿ ಕೆಲಸದಿಂದ ನಿವೃತ್ತರಾದ ಡಾಕ್ಟರೊಬ್ಬರಿದ್ದರು. ಅಪ್ಪ ಖಾಕಿ ಕೋಟಿನಲ್ಲೇ ಓಡಿಹೋಗಿ ಅವರನ್ನು ಕರೆತಂದರು. ಡಾಕ್ಟರು ಟಾರ್ಚು ಬಿಟ್ಟು ಗಂಟಲು ನೋಡಿದರು, ಹೊಟ್ಟೆಯ ಎಡಗಡೆ ಒತ್ತಿ ನೋಡಿದರು, ಕಂಕುಳು ಮುಟ್ಟಿ ನೋಡಿದರು. ಗಂಟಲಿಗೆ ಹತ್ತಿಯ ಕಡ್ಡಿ ತಾಗಿಸಿ ತೆಗೆದುಕೊಂಡರು, ತೋಳಿನಿಂದ ರಕ್ತ ತೆಗೆದರು. “ಪರೀಕ್ಷೆಗೆ ಕಳಿಸ್ತೀನಿ. ಒಂದೆರಡು ದಿನ ತಡೀರಿ,” ಎಂದರು.

ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ಬೈಯಲಿಲ್ಲ. ಅಪ್ಪ ಮಾರ್ಕೆಟ್ಟಿನಿಂದ ಮೂಸಂಬಿ ತಂದರು. ಮೂಸಂಬಿಯೆಂದರೆ ಆಗ ಕಾಯಿಲೆಯವರ ಹಣ್ಣು, ಗಟ್ಟಿಮುಟ್ಟಾಗಿದ್ದವರಿಗೆ ಅದರ ವಾಸನೆ ಮಾತ್ರ. ಅವ್ವ ಹಿಂಡಿಕೊಟ್ಟ ರಸವನ್ನು ಅಕ್ಕ ಎರಡು ಗುಟುಕು ಕುಡಿದು, ಆಗದೆ, ಲೋಟವನ್ನು ಕಿಟಕಿಯ ಮೇಲಿಟ್ಟು ಮಗ್ಗುಲಾದಳು. ಅವ್ವ ನಲ್ಲಿಯ ಹತ್ತಿರ ಹೋಗಿದ್ದಳು. ನಾನು ಬಾಗಿಲ ಸಂದಿಯಲ್ಲಿ ನಿಂತು ಆ ಲೋಟವನ್ನು ಒಂದೇ ಉಸಿರಿಗೆ ಖಾಲಿ ಮಾಡಿದೆ. ತಳದಲ್ಲಿದ್ದ ಸಕ್ಕರೆಯನ್ನು ಬೆರಳಿನಿಂದ ಬಳಿದು ನೆಕ್ಕಿದೆ. ಆಮೇಲೆ ಪಕ್ಕದ ಮನೆಗೆ ಹೋಗಿ ಪೀಟರನನ್ನು ಎತ್ತಿಕೊಂಡು ಎಂದಿನ ಹಾಗೆ ಎರಡೂ ಕೆನ್ನೆಗೆ, ತುಟಿಗೂ, ಮುತ್ತು ಕೊಟ್ಟೆ.

ಮಾರನೆಯ ದಿನ ಡಾಕ್ಟರು ಕೋಲೂರಿಕೊಂಡು ತಾವೇ ಇಳಿದು ಬಂದರು.

“ಗಂಟಲುಮಾರಿ ಅಲ್ಲ ಕಣಮ್ಮ,” ಎಂದರು ಬಾಗಿಲಲ್ಲೇ. “ಇದಕ್ಕೆ ಗ್ಲ್ಯಾಂಡುಲರ್ ಫೀವರ್ ಅಂತಾರೆ. ಪ್ರಾಯದ ಹುಡುಗರು ಹುಡುಗೀರಿಗೆ ಬರುತ್ತೆ. ಸುಸ್ತು ಮಾಡುತ್ತೆ, ಆದರೆ ವಾಸಿಯಾಗುತ್ತೆ.”

“ಔಷ್ದಿ ಏನ್ ಕೊಡ್ತೀರಾ ಬುದ್ಧಿ?” ಎಂದಳು ಅವ್ವ.

“ಮಲಗೋದೇ ಔಷಧಿ. ಹೊಟ್ಟೇಲಿ ಎಡಗಡೆ ಇರೋ ಗುಲ್ಮ ಊದಿದೆ, ಅದರ ಮೇಲೆ ಭಾರ ಬೀಳಬಾರ್ದು. ಕೊಡ ಎತ್ತೋ ಹಾಗಿಲ್ಲ, ಓಡೋ ಹಾಗಿಲ್ಲ, ಸಂಕ್ರಾಂತಿ ಕಳೀಲಿ. ಇನ್ನೊಂದು ಮಾತು. ಇದು ಗಾಳೀಲಿ ಹಾರಿ ಬರೋ ಕಾಯಿಲೆ ಅಲ್ಲ, ಎಂಜಲಿಂದ ಹತ್ತೋದು ಅಂತ ಈಗ ಹೇಳ್ತಾ ಇದಾರೆ. ಅವಳ ಲೋಟ, ತಟ್ಟೆ, ಚಮಚ ಬೇರೆ ಇಡಿ. ಬಿಸಿನೀರಲ್ಲಿ ಸೋಪು ಹಾಕಿ ತೊಳೀರಿ. ಅವಳು ಕುಡಿದು ಬಿಟ್ಟಿದ್ದನ್ನ ಯಾರೂ ಕುಡೀಬಾರ್ದು. ಎಳೆ ಮಕ್ಕಳಿಗೆ ಮುತ್ತು ಕೊಡಬಾರ್ದು. ಹತ್ತಿದರೂ ತಕ್ಷಣ ಗೊತ್ತಾಗಲ್ಲ. ತಿಂಗಳು, ಒಂದೂವರೆ ತಿಂಗಳು ಒಳಗೇ ಇದ್ದು ಆಮೇಲೆ ಕಾಣಿಸಿಕೊಳ್ಳುತ್ತೆ.”

ಮನೆಯವರೆಲ್ಲ ನಿಟ್ಟುಸಿರುಬಿಟ್ಟ ಆ ಗಳಿಗೆಯಲ್ಲಿ ನಾನು ಹಿಂದಿನ ದಿನ ಖಾಲಿ ಮಾಡಿದ್ದ ಆ ಲೋಟದ ಕಡೆ ನೋಡಿದೆ.

ಡಾಕ್ಟರು ಹೋದ ಮೇಲೆ ಅವ್ವ ನನ್ನ ಕಿವಿ ಹಿಡಿದು ಹೇಳಿದಳು: “ನೀನು ವಠಾರದಾಗೆ ಬಾಯಿ ಬುಟ್ಟೀಯ, ಜೋಕೆ! ಕತ್ತು ಊದೈತೆ ಅಂದ್ರೆ ಸಾಕು, ಜನ ಕಂಠಮಾಲೆ, ಕ್ಷಯದ ಗಂಟು ಅಂತಾರೆ. ನಾಳೆ ಗಂಡು ನೋಡಾಕೆ ಬರಾಕಿಲ್ಲ. ಮುನಿಸಿಪಾಲ್ಟಿಯೋರಿಗೆ ಗೊತ್ತಾದ್ರೆ ಊರಾಚೆ ಆಸ್ಪತ್ರೆಗೆ ಎತ್ಕೊಂಡು ಓಯ್ತಾರೆ. ಯಾರ್ ಕೇಳುದ್ರೂ ಮಲೇರಿಯಾ ಅನ್ನು.”

ಹಾಗಾಗಿ ನನ್ನ ಹೊಟ್ಟೆಯಲ್ಲಿ ಎರಡು ಗುಟ್ಟು ಸೇರಿಕೊಂಡವು. ಒಂದು ಅವ್ವನದು, ಇನ್ನೊಂದು ನನ್ನದು. ಅವ್ವನ ಗುಟ್ಟನ್ನು ವಠಾರಕ್ಕೆ ಹೇಳುವ ಹಾಗಿಲ್ಲ, ನನ್ನದನ್ನು ಅವ್ವನಿಗೆ ಹೇಳುವ ಧೈರ್ಯವಿಲ್ಲ. ಕ್ಯಾಲೆಂಡರಿನಲ್ಲಿ ಆರು ವಾರ ಎಣಿಸಿದೆ. ಸರಿಯಾಗಿ ಕ್ರಿಸ್ಮಸ್ಸಿನ ಹೊತ್ತಿಗೆ ಬಂದು ನಿಂತಿತು. ಅಲ್ಲಿಯವರೆಗೆ ನನ್ನ ಬಾಯಿಯನ್ನು ನಾನೇ ಕಾಯಬೇಕು ಎಂದುಕೊಂಡೆ.

ಕಾದೆ. ಬೆಳಗ್ಗೆ ಎದ್ದು ಮೊದಲು ಮಾಡುತ್ತಿದ್ದ ಕೆಲಸ ಎಂಜಲು ನುಂಗಿ ನೋಯುತ್ತದೆಯೇ ಎಂದು ನೋಡುವುದು. ಕನ್ನಡಿಯ ಮುಂದೆ ಕತ್ತು ಹಿಸುಕಿ ಹಿಸುಕಿ ಕೆಂಪಗೆ ಮಾಡಿಕೊಳ್ಳುತ್ತಿದ್ದೆ. ಶಾಲೆಯ ಸರಪಳಿ ಲೋಟವನ್ನು ಮುಟ್ಟಲಿಲ್ಲ. ಬಾಯಾರಿಕೆ ತಡೆದುಕೊಂಡು ಮನೆಗೆ ಬಂದು ಎತ್ತಿ ಕುಡಿಯುತ್ತಿದ್ದೆ. ಸ್ಲೇಟನ್ನು ಲಂಗದಲ್ಲಿ ಒಣಗಾಗಿ ಉಜ್ಜುತ್ತಿದ್ದೆ. ಯಾರಾದರೂ ಎಲಚಿಹಣ್ಣು ಕೊಟ್ಟರೆ ಇಡೀ ಹಣ್ಣು ಕೊಡು, ಇಲ್ಲವೇ ಬೇಡ ಎನ್ನುತ್ತಿದ್ದೆ. ದುರಾಸೆಯವಳೆಂಬ ಹೆಸರು ಬಂತು. ಪೀಟರ್ ನನ್ನನ್ನು ಕಂಡು ಕೈಚಾಚಿದರೆ ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದೆ.

ಫಿಲೋಗೆ ಮೊದಲು ಅರ್ಥವಾಗಲಿಲ್ಲ. ಒಂದು ಸಂಜೆ ಒಗೆಯುವ ಕಲ್ಲಿನ ಮೇಲೆ ಕೂತು ಹಾಡಿನ ಮೊದಲ ಸಾಲು ಊದಿ ಮೌತ್ ಆರ್ಗನ್ನನ್ನು ನನ್ನ ಕಡೆ ಚಾಚಿದಳು.

“ನೀನೇ ಊದು,” ಎಂದೆ.

“ಯಾಕೆ? ಎರಡ್ನೇ ಸಾಲು ನಿಂದಲ್ವಾ?”

“ನಂಗೆ ಬ್ಯಾಡ.”

ಅವಳು ಅದನ್ನು ಫ್ರಾಕಿನ ಅಂಚಿಗೆ ಚೆನ್ನಾಗಿ ಒರೆಸಿ ಮತ್ತೆ ಚಾಚಿದಳು. ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಆಗ ಅವಳ ಮುಖ ಬದಲಾದದ್ದನ್ನು ನಾನು ಈಗಲೂ ಮರೆತಿಲ್ಲ.

ನಮ್ಮ ವಠಾರದ ಮೂಲೆಮನೆಯಲ್ಲಿ ಒಬ್ಬ ಮಡಿಯ ಅಜ್ಜಿಯಿದ್ದರು. ತೆರೇಸಮ್ಮ ನೀರು ಹಿಡಿದ ಮೇಲೆ ನಲ್ಲಿಗೆ ನಾಲ್ಕು ಚೊಂಬು ನೀರು ಹೊಯ್ದು ತೊಳೆದೇ ತಮ್ಮ ಕೊಡ ಇಡುವವರು. ತೆರೇಸಮ್ಮ ಅದನ್ನು ನೋಡಿಯೂ ನೋಡದ ಹಾಗೆ ಹೋಗುತ್ತಿದ್ದರು. ಫಿಲೋ ಪ್ರತಿಸಲವೂ ನೋಡುತ್ತಿದ್ದಳು.

“ನಮ್ ಎಂಜಲು ನಿಮಗಾಗಲ್ಲ ಅಂತ ನಿಮ್ಮವ್ವ ಹೇಳುದ್ರಾ?” ಎಂದು ಕೇಳಿದಳು.

ಅಲ್ಲ ಎನ್ನಬೇಕಾಗಿತ್ತು. ನಿನ್ನ ಎಂಜಲಲ್ಲ, ನನ್ನ ಎಂಜಲು ಎನ್ನಬೇಕಾಗಿತ್ತು. ಅಷ್ಟು ಹೇಳಿದರೆ ಮುಂದಿನದನ್ನೂ ಹೇಳಬೇಕಾಗುತ್ತಿತ್ತು, ಅಕ್ಕನ ಕತ್ತು, ಮದುವೆ, ಊರಾಚೆಯ ಆಸ್ಪತ್ರೆ. ಫಿಲೋ ಕಲ್ಲಿನಿಂದ ಇಳಿದು ಮನೆಯೊಳಗೆ ಹೋದಳು. ಮಾರನೆಯ ದಿನ ಶಾಲೆಯಲ್ಲಿ ಬೇರೆ ಬೆಂಚಿನಲ್ಲಿ ಕೂತಿದ್ದಳು.

ಆ ಮಾಗಿಯ ಚಳಿ ನನಗೆ ಎರಡರಷ್ಟಾಯಿತು. ಅಂಗಳದಲ್ಲಿ ಅವರೆ ಸುಲಿಯುವಾಗ ಮಕ್ಕಳ ಗುಂಪಿನಿಂದ ದೂರ, ಮೆಟ್ಟಿಲ ಮೇಲೆ ಒಬ್ಬಳೇ ಮೊರ ಇಟ್ಟುಕೊಂಡು ಕೂರುತ್ತಿದ್ದೆ. ಡಿಸೆಂಬರಿನ ನಡುವೆ ತೆರೇಸಮ್ಮನ ಮನೆಯಿಂದ ಎಣ್ಣೆಯಲ್ಲಿ ಕರಿಯುವ ಸಿಹಿಯ ಘಮ ಬರತೊಡಗಿತು. ಹಿಟ್ಟನ್ನು ಫೋರ್ಕಿನ ಬೆನ್ನಿಗೆ ಒತ್ತಿ ಸುತ್ತಿ ಮಾಡುವ ಕಲ್ಕಲ, ಹಿಂದಿನ ವರ್ಷದವರೆಗೂ ನಾನೂ ಕೂತು ಸುತ್ತುತ್ತಿದ್ದೆ. ಆ ವರ್ಷ ನನ್ನನ್ನು ಯಾರೂ ಕರೆಯಲಿಲ್ಲ. ತೆರೇಸಮ್ಮ ನನ್ನನ್ನು ಕಂಡರೆ ನಗುತ್ತಿದ್ದರು, ಆದರೆ ಮೂಲೆಮನೆ ಅಜ್ಜಿಯನ್ನು ಕಂಡಾಗ ನಗುವ ನಗು ಅದು.

ಕ್ರಿಸ್ಮಸ್ಸಿಗೆ ಇನ್ನೊಂದು ವಾರವಿದೆ ಎನ್ನುವಾಗ, ಒಂದು ಬೆಳಗ್ಗೆ, ನಲ್ಲಿಯ ಹತ್ತಿರ ತೆರೇಸಮ್ಮ ಯಾರಿಗೋ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು: “ಕೂಸಿಗೆ ಮೈ ಸುಡ್ತಾ ಅದೆ ಕಣ್ರೀ. ರಾತ್ರಿಯಿಂದ ಹಾಲೇ ಕುಡೀತಿಲ್ಲ.”

ತುಟಿಗೆ ಕೊಟ್ಟ ಆ ಮುತ್ತು ನೆನಪಾಯಿತು. ಒಂದೂವರೆ ತಿಂಗಳು ಒಳಗೇ ಇದ್ದು ಆಮೇಲೆ ಕಾಣಿಸಿಕೊಳ್ಳುತ್ತದೆ ಎಂದಿದ್ದರಲ್ಲ ಡಾಕ್ಟರು? ನಾನು ಓಡಿಹೋಗಿ ತೆರೇಸಮ್ಮನ ಸೀರೆ ಹಿಡಿದುಕೊಂಡು ಜೋರಾಗಿ ಅಳತೊಡಗಿದೆ.

“ಪೀಟರ್ ಸತ್ತೋಯ್ತಾನೆ, ನಾನೇ ಕೊಟ್ಟಿದ್ದು! ಅಕ್ಕನ ಎಂಜಲು ರಸ ನಾನೇ ಕುಡ್ದಿದ್ದು! ಆಮೇಲೆ ಮುತ್ತು ಕೊಟ್ಬುಟ್ಟೆ!”

ತೆರೇಸಮ್ಮನಿಗೆ ಒಂದೂ ತಿಳಿಯಲಿಲ್ಲ. ನನ್ನ ಕೂಗಿಗೆ ಅವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡೇ ಓಡಿಬಂದಳು, ಫಿಲೋ ಬಾಗಿಲಿಗೆ ಬಂದು ನಿಂತಳು. ನಾನು ಬಿಕ್ಕುತ್ತಾ ಎಲ್ಲವನ್ನೂ ಹೇಳಿದೆ. ಮೂಸಂಬಿ, ಬಾಗಿಲ ಸಂದಿ, ಎಂಜಲಿನ ಜ್ವರ, ಕ್ಯಾಲೆಂಡರಿನ ಆರು ವಾರ, ಮೌತ್ ಆರ್ಗನ್ ಯಾಕೆ ಮುಟ್ಟಲಿಲ್ಲ ಎಂಬುದು. ಅವ್ವ ಕೈ ಎತ್ತಿದಾಗ ಏಟು ಬಿತ್ತು ಎಂದುಕೊಂಡೆ. ಅವಳು ಆ ಕೈಯನ್ನು ತನ್ನ ಬಾಯಿಗೇ ಮುಚ್ಚಿಕೊಂಡಳು.

ಆಮೇಲೆ ತಲೆ ತಗ್ಗಿಸಿಕೊಂಡೇ ಹೇಳಿದಳು: “ತಪ್ಪು ನಂದು ತೆರೇಸಮ್ಮಾ. ಸುಸೀಲಂದು ಮಲೇರಿಯಾ ಅಲ್ಲ. ಡಾಕ್ಟ್ರು ಏಳಿದ್ರು, ಎಳೆಕೂಸುಗಳ ಅತ್ರ ಉಸಾರು ಅಂತ. ನಿಮ್ಮನೇಲಿ ಕೂಸು ಐತೆ ಅಂತ ಗೊತ್ತಿದ್ದೂ ನಾನು ಬಾಯಿ ಬುಡ್ಲಿಲ್ಲ.”

ತೆರೇಸಮ್ಮ ಅವ್ವನ ಮುಖವನ್ನು ಒಂದು ಗಳಿಗೆ ನೋಡಿದರು. ಅವರಿಗೆ ಸಿಟ್ಟು ಬಂದಿತ್ತು, ಬರದೆ ಇರುತ್ತದೆಯೇ. ಆದರೆ ಕೂಸು ಒಳಗೆ ಕೊಂಯ್ ಎಂದಿತು. “ಮಾತು ಆಮೇಲೆ ಆಡೋಣ ಕೆಂಪಕ್ಕ. ಮೊದ್ಲು ಡಾಕ್ಟ್ರ ಹತ್ರ ಹೋಗೋಣ ನಡೀರಿ,” ಎಂದರು.

ಇಳಿಜಾರು ಹತ್ತಿ ಐದು ಜನ ಹೋದೆವು. ಕೂಸಿಗೆ ಹೊದಿಸಿ ಎತ್ತಿಕೊಂಡು ತೆರೇಸಮ್ಮ ಮುಂದೆ, ಅವರ ಪಕ್ಕಕ್ಕೆ ಅವ್ವ, ಹಿಂದೆ ನಾನು, ನನ್ನಿಂದ ನಾಲ್ಕು ಮಾರು ಬಿಟ್ಟು ಫಿಲೋ. ಡಾಕ್ಟರು ಬಂಗಲೆಯ ವರಾಂಡದಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತಾ ಪೇಪರು ಓದುತ್ತಿದ್ದರು. ಕನ್ನಡಕ ಸರಿಮಾಡಿಕೊಂಡು ಕೂಸಿನ ಬಾಯಿ, ಕಿವಿ, ಎದೆ, ಹೊಟ್ಟೆ ಎಲ್ಲ ನೋಡಿದರು. ಮೂಗಿನಿಂದ ಇಳಿಯುತ್ತಿದ್ದ ಸಿಂಬಳವನ್ನು ಹತ್ತಿಯಲ್ಲಿ ಒರೆಸಿದರು.

“ನೆಗಡಿ,” ಎಂದರು. “ಬರೀ ನೆಗಡಿ. ಮೂಗು ಕಟ್ಟಿದೆ, ಅದಕ್ಕೇ ಹಾಲು ಕುಡಿಯೋಕೆ ಆಗ್ತಾ ಇಲ್ಲ. ಕತ್ತೂ ಊದಿಲ್ಲ, ಗುಲ್ಮಾನೂ ಊದಿಲ್ಲ. ಎರಡು ದಿನಕ್ಕೆ ಸರಿಹೋಗುತ್ತೆ.”

ತೆರೇಸಮ್ಮ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡರು. ಅವ್ವ ನಂಜುಂಡೇಶ್ವರನಿಗೆ ಕೈ ಮುಗಿದಳು.

ಡಾಕ್ಟರು ಆಮೇಲೆ ನನ್ನ ಗಂಟಲನ್ನೂ ನೋಡಿದರು. ಅವ್ವನಿಂದ ನಡೆದದ್ದನ್ನು ಕೇಳಿ ತಿಳಿದು, ನಗದೆ, ದೊಡ್ಡವರ ಹತ್ತಿರ ಮಾತಾಡುವ ಹಾಗೆ ನನ್ನ ಹತ್ತಿರ ಮಾತಾಡಿದರು. “ನಿನಗೆ ಏನೂ ಆಗಿಲ್ಲಮ್ಮ. ಚಿಕ್ಕ ಮಕ್ಕಳಿಗೆ ಇದು ಹತ್ತಿದರೂ ಎಷ್ಟೋ ಸಲ ನೆಗಡಿ ಥರ ಬಂದು ಹೋಗುತ್ತೆ, ಗೊತ್ತೂ ಆಗಲ್ಲ. ಕಾಡೋದು ನಿನ್ನ ಅಕ್ಕನ ವಯಸ್ಸಿನವರನ್ನ. ನೀನು ಲೋಟ ಬೇರೆ ಮಾಡಿಕೊಂಡೆ ನೋಡು, ಅದು ಸರಿ. ಕೂಸಿಗೆ ಮುತ್ತು ಕೊಡೋದು ಬಿಟ್ಟೆ, ಅದೂ ಸರಿ. ಗೆಳತಿಯಿಂದ ದೂರ ಕೂತೆಯಲ್ಲ, ಅದು ಬೇಕಾಗಿರಲಿಲ್ಲ. ಪಕ್ಕ ಕೂತರೆ, ಮಾತಾಡಿದರೆ, ಕುಂಟೆಬಿಲ್ಲೆ ಆಡಿದರೆ ಇದು ಹತ್ತಲ್ಲ.”

ಆಮೇಲೆ ಅವ್ವನ ಕಡೆ ತಿರುಗಿ, “ಅಕ್ಕನ ಲೋಟ ಇನ್ನೂ ಕೆಲವು ತಿಂಗಳು ಬೇರೆಯೇ ಇರಲಿ. ಜ್ವರ ಬಿಟ್ಟರೂ ಎಂಜಲಲ್ಲಿ ಇರುತ್ತೆ. ಇನ್ನು ಊರಾಚೆ ಆಸ್ಪತ್ರೆಗೆ ಇದಕ್ಕೆಲ್ಲ ಯಾರೂ ಕರೆದುಕೊಂಡು ಹೋಗಲ್ಲಮ್ಮ. ಹೇಳಿದ್ದರೆ ಎಲ್ಲರೂ ಎಚ್ಚರವಾಗಿರ್ತಿದ್ರು, ಈ ಮಗು ಒಬ್ಬಳೇ ಇಷ್ಟು ಹೊರಬೇಕಾಗಿರಲಿಲ್ಲ,” ಎಂದರು. ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಇಳಿಯುವಾಗ ಫಿಲೋ ನಾಲ್ಕು ಮಾರು ದೂರದಲ್ಲಿರಲಿಲ್ಲ. ಪಕ್ಕದಲ್ಲಿ ಬಂದು ನನ್ನ ಭುಜಕ್ಕೆ ಭುಜದಿಂದ ಗುದ್ದಿದಳು.

“ಕತ್ತೆ. ಹೇಳ್ಬಾರ್ದಾಗಿತ್ತಾ?”

“ಅವ್ವ ಯಾರಿಗೂ ಹೇಳ್ಬ್ಯಾಡ ಅಂದಿದ್ಲು.”

“ನಂಗೂನಾ?”

ಅವಳು ಉತ್ತರಕ್ಕೂ ಕಾಯದೆ ನನ್ನ ಕೈ ಹಿಡಿದುಕೊಂಡು ಇಳಿಜಾರಿನಲ್ಲಿ ಓಡತೊಡಗಿದಳು.

ಆ ಸಂಜೆ ತೆರೇಸಮ್ಮ ಒಂದು ಪಾತ್ರೆಯಲ್ಲಿ ಬಿಸಿ ಗಂಜಿ ಹಿಡಿದು ನಮ್ಮ ಮನೆಗೆ ಬಂದರು. ಅವ್ವ ಕ್ಷಮೆಯ ಮಾತು ಶುರುಮಾಡುತ್ತಿದ್ದಂತೆ ತಡೆದು, “ನೀವು ಮೊದ್ಲೇ ಹೇಳಿದ್ರೆ ದಿನಾ ತಂದ್ಕೊಡ್ತಿದ್ದೆ. ಒಬ್ರೇ ಕಷ್ಟ ಪಟ್ರಲ್ಲ ಕೆಂಪಕ್ಕ, ಅದಕ್ಕೆ ನಂಗೆ ಕೋಪ,” ಎಂದರು. ಅಕ್ಕನ ಹಾಸಿಗೆಯ ಪಕ್ಕ ಕೂತು ಅವಳ ಸಿಕ್ಕುಗಟ್ಟಿದ ಕೂದಲನ್ನು ಬಿಡಿಸಿ ಬಾಚಿದರು. ಒಂದು ತಿಂಗಳಿಂದ ಅಕ್ಕನನ್ನು ಮನೆಯವರಲ್ಲದೆ ಯಾರೂ ಮುಟ್ಟಿರಲಿಲ್ಲ. ಅವಳು ಕಣ್ಣು ಮುಚ್ಚಿಕೊಂಡು ಸುಮ್ಮನೆ ತಲೆ ಕೊಟ್ಟು ಕೂತಿದ್ದಳು.

ಎರಡೇ ದಿನದಲ್ಲಿ ವಠಾರಕ್ಕೆಲ್ಲ ಗೊತ್ತಾಯಿತು. ಯಾರೂ ಕಂಠಮಾಲೆ ಎನ್ನಲಿಲ್ಲ. ಮೂಲೆಮನೆ ಅಜ್ಜಿ ಮಾತ್ರ, “ಎಂಜಲು ಎಂಜಲು ಅಂತ ನಾನು ಬಡ್ಕೊಂಡಾಗ ನಗ್ತಿದ್ರಿ! ಈಗ ಡಾಕ್ಟ್ರೂ ಹೇಳುದ್ರಲ್ಲ!” ಎಂದು ಅಂಗಳದ ನಡುವೆ ನಿಂತು ಗೆದ್ದರು. ಅವ್ವ ಬಿಡಲಿಲ್ಲ. “ನಲ್ಲಿಗೆ ಎಂಜಲು ಇಲ್ಲ ಕಣಜ್ಜಿ, ಅದುನ್ನ ತೊಳ್ಯೋದು ಬುಟ್ಬುಡಿ,” ಎಂದಳು. ಅಷ್ಟು ವರ್ಷ ಅದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಅಜ್ಜಿ ತೊಳೆಯುವುದನ್ನು ಬಿಡಲಿಲ್ಲ, ಆದರೆ ನಾಲ್ಕು ಚೊಂಬು ಒಂದಕ್ಕೆ ಇಳಿಯಿತು.

ಅಂತೋಣಪ್ಪ ಒಂದು ಭಾನುವಾರ ಮೊಳೆ ಸುತ್ತಿಗೆ ಹಿಡಿದು ಕೂತು, ವಠಾರದ ಪ್ರತಿ ಮಗುವಿನ ಲೋಟದ ಮೇಲೂ ಹೆಸರು ಕೊರೆದುಕೊಟ್ಟರು. ಟಿಕೆಟ್ ಹರಿಯುವಾಗ ಹೆಬ್ಬೆರಳನ್ನು ನಾಲಗೆಗೆ ತಾಗಿಸುತ್ತಿದ್ದ ಅಪ್ಪ ಒಂದು ಸಣ್ಣ ಡಬ್ಬಿಯಲ್ಲಿ ಒದ್ದೆ ಸ್ಪಂಜು ಇಟ್ಟುಕೊಳ್ಳಲು ಕಲಿತರು. ನಾನು ಕ್ಲಾಸ್ ಟೀಚರಿಗೆ ಎಲ್ಲವನ್ನೂ ಹೇಳಿದೆ. ಹೊಸ ವರ್ಷಕ್ಕೆ ಹರವಿಯ ಪಕ್ಕ ಉದ್ದ ಹಿಡಿಯ ಸೌಟು ಬಂತು, ಬೊಗಸೆಯೊಡ್ಡಿ ನೀರು ಕುಡಿಯಬೇಕೆಂಬ ನಿಯಮವೂ ಬಂತು. ನಮ್ಮ ವಠಾರದಲ್ಲಿ ಆಗಲಿ ಶಾಲೆಯಲ್ಲಿ ಆಗಲಿ ಆ ಜ್ವರ ಮತ್ತೊಬ್ಬರನ್ನು ಮಲಗಿಸಿದ್ದನ್ನು ನಾನು ಕಾಣಲಿಲ್ಲ.

ಕ್ರಿಸ್ಮಸ್ಸಿನ ದಿನ ಸುಶೀಲಕ್ಕ ಶಾಲು ಹೊದ್ದು ಮೊದಲ ಸಲ ಅಂಗಳಕ್ಕೆ ಬಂದು ಬಿಸಿಲಲ್ಲಿ ಕೂತಳು. ಕತ್ತಿನ ಊತ ಇಳಿದು ಮುಖ ಸಣ್ಣದಾಗಿತ್ತು. ಮೌತ್ ಆರ್ಗನ್ ಈ ಸಲ ಕೈ ಬದಲಾಗಲಿಲ್ಲ. ಫಿಲೋ ಊದಿದಳು, ನಾನು ತಟ್ಟೆ ಬಡಿದು ತಾಳ ಹಾಕಿದೆ. ತಾಳ ತಪ್ಪಿತು, ಎಲ್ಲರೂ ನಕ್ಕರು. ನಗುವಾಗ ಅಕ್ಕ ಹೊಟ್ಟೆಯ ಎಡಗಡೆ ಕೈಯಿಟ್ಟುಕೊಂಡು, “ನಗಿಸ್ಬೇಡ್ರೇ, ಗುಲ್ಮ!” ಎಂದು ಇನ್ನಷ್ಟು ನಕ್ಕಳು.

ಅಕ್ಕ ಆ ವರ್ಷ ಪರೀಕ್ಷೆಗೆ ಕೂರಲಿಲ್ಲ, ಮುಂದಿನ ವರ್ಷ ಪಾಸಾಗಿ ಟೀಚರಾದಳು. ಎಂಬತ್ತು ದಾಟಿದ್ದಾಳೆ, ಗಟ್ಟಿಯಾಗಿದ್ದಾಳೆ. ತೆರೇಸಮ್ಮನ ಮನೆಯವರು ಎರಡು ವರ್ಷದ ಮೇಲೆ ಕೋಲಾರದ ಕಡೆ ಹೋದರು. ಕೆಲವು ಕಾಲ ಫಿಲೋಳ ಕಾಗದ ಬರುತ್ತಿತ್ತು, ಆಮೇಲೆ ನಿಂತಿತು. ವಠಾರವೂ ಇಲ್ಲ. ನಾನೀಗ ಇದೇ ಊರಿನ ಒಂದು ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯಲ್ಲಿದ್ದೇನೆ. ಮೊಮ್ಮಕ್ಕಳಿಗೆ ಒಬ್ಬೊಬ್ಬರಿಗೊಂದು ನೀರಿನ ಬಾಟಲಿಯನ್ನು ನಾನೇ ಕೊಡಿಸಿದ್ದೇನೆ. ಒಬ್ಬರದನ್ನು ಒಬ್ಬರು ಮುಟ್ಟುವುದಿಲ್ಲ. ಅದು ಒಳ್ಳೆಯದೇ, ಅದಕ್ಕಾಗಿ ನನಗೆ ಕೊರಗಿಲ್ಲ.

ಹೋದ ವರ್ಷ ಎದುರು ಮನೆಯ ಹುಡುಗಿ ತಾಯಿಯ ಜೊತೆ ಲಿಫ್ಟಿನಲ್ಲಿ ಸಿಕ್ಕಳು, ತೀರಾ ಸೊರಗಿದ್ದಳು. ಹದಿನೈದು ದಿನ ಜ್ವರವಾಗಿತ್ತಂತೆ, ನಾಲ್ಕು ದಿನ ಆಸ್ಪತ್ರೆಯಲ್ಲಿದ್ದಳಂತೆ. ನಮ್ಮ ಬಾಗಿಲಿಗೂ ಅವರ ಬಾಗಿಲಿಗೂ ನಡುವೆ ಆರು ಅಡಿ ಜಾಗವಿದೆ. “ಯಾರಿಗೂ ಹೇಳೋಕೆ ಹೋಗ್ಲಿಲ್ಲ ಆಂಟಿ,” ಎಂದರು ಅವಳ ತಾಯಿ, ಅದರಲ್ಲೇನೂ ವಿಶೇಷವಿಲ್ಲ ಎಂಬಂತೆ. ಅವರಿಗೆ ಮುಚ್ಚಿಡುವ ಮನಸ್ಸಿರಲಿಲ್ಲ. ಆರು ಮನೆಯ ವಠಾರದಲ್ಲಿ ಒಂದು ಜ್ವರವನ್ನು ಮುಚ್ಚಿಡಲು ಅವ್ವ ಎಷ್ಟು ಹೆಣಗಿದ್ದಳು, ಯಾರ‍್ಯಾರಿಗೆ ಏನೇನು ಸುಳ್ಳು ಹೇಳಿದ್ದಳು! ಅಷ್ಟು ಮಾಡಿಯೂ ಅವಳಿಂದ ಆಗಲಿಲ್ಲ. ಈಗ ಯಾರೂ ಒಂದು ಸುಳ್ಳನ್ನೂ ಹೇಳಬೇಕಾಗಿಲ್ಲ. ಬಾಗಿಲು ಹಾಕಿಕೊಂಡರೆ ಸಾಕು, ತಾನಾಗಿಯೇ ಮುಚ್ಚಿಹೋಗುತ್ತದೆ.